ಡಿಚ್ಚಿಗೆ ಒಂದು ಟೀ

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೋಗುವ ದಾರಿಯ ನಮ್ಮ ಕ್ರಾಸಿನಲ್ಲಿ ವಾರಕ್ಕೊಂದು ಗಾಡಿ ಇನ್ನೊಂದಕ್ಕೆ ಗುದ್ದದಿದ್ದರೆ ಟೀ ಅಂಗಡಿಯವನಿಗೇ ಬೇಜಾರು. ಇದಕ್ಕೆ ನಾವು ‘ಡಿಚ್ಚಿ’ ಅನ್ನುತ್ತೇವೆ. ಗುದ್ದಿದವನು ಟೀ ಕೊಡಿಸಬೇಕು, ಗುದ್ದಿಸಿಕೊಂಡವನು ಕುಡಿಯಬೇಕು. ಅಲ್ಲಿಗೆ ಮುಗಿಯಿತು. ಯಾರೂ ಸ್ಟೇಷನ್ನಿಗೆ ಹೋಗುವುದಿಲ್ಲ.

೧

ಈ ಮಾತು ಎಲ್ಲಿಂದ ಬಂತು ಅಂತ ಒಮ್ಮೆ ಜಗಳವೇ ಆಯಿತು.

“ನಮ್ಮ ಟಗರಿಂದ ಬಂತು. ಎರಡು ಟಗರು ಹಿಂದೆ ಸರಿದು ಓಡಿಬಂದು ತಲೆಗೆ ತಲೆ ಕೊಡ್ತಾವಲ್ಲ, ಅದೇ ಡಿಚ್ಚಿ” ಅಂದರು ಕುರಿ ಸಾಕುವ ಯಜಮಾನರು.

ಗ್ಯಾರೇಜ್ ಭಾಯ್ ಒಪ್ಪಲಿಲ್ಲ. “ಟಗರಿಗೆ ಯಾಕ್ರೀ ಅವಮಾನ? ಅದು ಎದುರಿಗೆ ಯಾರೈದಾರೆ ಅಂತ ನೋಡಿ ಗುದ್ದುತೈತೆ.”

೨

ನಮ್ಮ ಕ್ರಾಸು ಶಾಲೆ ಮಕ್ಕಳು ದಾಟುವ ಜಾಗ. ಒಂದು ಹೆಣ ಬಿದ್ದ ಮೇಲೇ ರಸ್ತೆಗೆ ಉಬ್ಬು ಹಾಕುತ್ತಾರೇನು? ಸಿಟ್ಟಿನಿಂದ ಅರ್ಜಿ ಹಿಡಿದು ಇಂಜಿನಿಯರ್ ಆಫೀಸಿಗೆ ನುಗ್ಗಿದೆ.

“ಅಲ್ಲಿ ಅಪಘಾತವೇ ಆಗಿಲ್ಲವಲ್ಲಪ್ಪ. ಸ್ಟೇಷನ್ನಿನಲ್ಲಿ ಒಂದೂ ಕೇಸಿಲ್ಲ” ಅಂದರು ಸಾಹೇಬರು.

ನಾನು ಇದಕ್ಕೇ ಅಂತ ಯಜಮಾನರನ್ನು ಕರೆದೊಯ್ದಿದ್ದೆ. ಹಿಂದಿನ ವಾರವಷ್ಟೇ ಬೈಕು ಗುದ್ದಿ ಅವರ ಬಲಗೈಗೆ ಪ್ಲಾಸ್ಟರ್ ಬಿದ್ದಿತ್ತು.

“ಕೈಗೇನಾಯ್ತು ಯಜಮಾನ್ರೆ? ಅಪಘಾತವಾ?”

“ಥೂ, ಬಿಡ್ತು ಅನ್ರಿ ಸಾಹೇಬ್ರೆ! ಬರೀ ಡಿಚ್ಚಿ. ಟೀ ಕುಡ್ದೀನಿ.”

ಅರ್ಜಿ ನನ್ನ ಕೈಗೇ ವಾಪಸ್ ಬಂತು. ದಾರಿಯುದ್ದಕ್ಕೂ ಬೈದೆ. ಯಜಮಾನರದ್ದು ಒಂದೇ ಮಾತು: “ಕುಡಿದ ಮೇಲೆ ಕೇಸು ಮಾಡಿದ್ರೆ ಮರ್ಯಾದೆ ಏನ್ಲೇ?”

೩

ಆಮೇಲೊಂದು ಭಾನುವಾರ ಆಫೀಸಿನ ಜೀಪೊಂದು ಬಂದು ಈರುಳ್ಳಿ ಟ್ರ್ಯಾಕ್ಟರಿನ ಹಿಂಬದಿಗೆ ಧಡ್ ಅಂತ ಗುದ್ದಿತು. ರಸ್ತೆ ತುಂಬ ಈರುಳ್ಳಿ. ಜೀಪಿನಿಂದ ಇಳಿದವರು ಅದೇ ಇಂಜಿನಿಯರ್ ಸಾಹೇಬರು! ಹಿಂದಿನ ಸೀಟಿನಲ್ಲಿ ಹೆಂಡತಿ, ಅವರ ಮಡಿಲಲ್ಲಿ ಮೊಳಕಾಲ್ಮುರು ಸೀರೆಯ ಪೊಟ್ಟಣ.

“ಏನಿಲ್ಲ, ಏನಿಲ್ಲ! ಸಣ್ಣ ಡಿಚ್ಚಿ” ಅಂದವರೇ ಅಂಗಡಿಯತ್ತ ತಿರುಗಿ, “ಎರಡು ಟೀ ಕೊಡಪ್ಪ” ಅಂದರು.

“ಯಾರೂ ಟೀ ಕೊಡಬೇಡ್ರಿ!” ಅಂತ ಕೂಗಿದೆ. “ಇದು ಅಪಘಾತ. ಸ್ಟೇಷನ್ನಿಗೆ ನಡೀರಿ ಸಾರ್. ಭಾನುವಾರ, ಸರ್ಕಾರಿ ಜೀಪು, ಸೀರೆ, ಎಲ್ಲ ಬರೆಸೋಣ.”

ಸಾಹೇಬರು ಬೆವರಿದರು. “ಒಂದು ಗುಟುಕಾದ್ರೂ ಕುಡಿಸ್ರಪ್ಪ!”

“ಉಬ್ಬು ಬೀಳಲಿ, ಆಮೇಲೆ ಟೀ.”

ನಾಲ್ಕೇ ದಿನಕ್ಕೆ ಉಬ್ಬು ಬಿತ್ತು. ಒಂದಲ್ಲ, ಎರಡು. ಸಾಹೇಬರೇ ಬಂದು ಟ್ರ್ಯಾಕ್ಟರಿನವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಊರೆಲ್ಲ ನೋಡುವಂತೆ ಟೀ ಕುಡಿದರು.

“ಮುಗೀತಾ?” ಅಂತ ನನ್ನನ್ನು ಕೇಳಿದರು.

“ಮುಗೀತು ಸಾರ್.”

ಯಜಮಾನರು ನನ್ನ ಕಿವಿಯ ಹತ್ತಿರ ಬಗ್ಗಿದರು: “ಲೇ, ಮುಂದಿನ ಕ್ರಾಸಿಗೂ ಉಬ್ಬು ಬೇಕಾಗೈತೆ. ಅಮ್ಮಾವ್ರಿಗೆ ಇನ್ನೊಂದು ಸೀರೆ ಬೇಕಾ ಕೇಳು.”