ಹದಿನೈದಡಿಯ ನೀರು

ಅಮೀರ್‌ಜಾನನ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಇದೇ.

ಊರ ಕೆರೆಯಿಂದ ಮನೆಮನೆಗೆ ಕುಡಿಯುವ ನೀರು ಕೊಡುವ ಯೋಜನೆ ಬಂದಿತ್ತು. ಪೈಪನ್ನು ಎಷ್ಟು ಆಳದಲ್ಲಿ ಕೂರಿಸಬೇಕೆಂದು ತಿಳಿಯಲು ಹನ್ನೊಂದು ತಿಂಗಳಿಂದ ಅವನು ದಿನಕ್ಕೆ ಮೂರು ಸಲ ತೆಪ್ಪ ಹಾಕಿಕೊಂಡು ನಡುಕೆರೆಗೆ ಹೋಗುತ್ತಿದ್ದ. ಹಗ್ಗಕ್ಕೆ ಕಟ್ಟಿದ ಬಾಟಲಿ ಇಳಿಬಿಟ್ಟು ಮೇಲಿನ ನೀರು, ಐದಡಿಯದು, ಹದಿನೈದಡಿಯದು, ತಳದ್ದು ಎಂದು ನಾಲ್ಕು ತುಂಬಿ ಚೀಟಿ ಅಂಟಿಸುವುದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸೇರಿ ಹನ್ನೆರಡು ಬಾಟಲಿ. ಸಂಜೆ ಜೀಪು ಬಂದು ಒಯ್ಯುವವರೆಗೆ ಅವು ತಣ್ಣಗಿರಬೇಕು. ಹಾಗಾಗಿ ಪಕ್ಕದ ಮನೆ ಗಾದ್ರಮ್ಮನ ಫ್ರಿಜ್ಜಿನಲ್ಲಿ, ಹಾಲಿನ ಪಾತ್ರೆಯ ಪಕ್ಕದಲ್ಲಿ, ಅವುಗಳಿಗೆ ಜಾಗ.

ಮೊದಲು ಹೊಟ್ಟೆಪಾಡಿಗೆ ಹಿಡಿದ ಕೆಲಸ ಬರಬರುತ್ತ ಹುಚ್ಚಾಗಿ ಅಂಟಿಕೊಂಡಿತು. ಬೆಳಿಗ್ಗೆ ಪಾಚಿ ಹಸಿರು ಕಂಬಳಿಯಂತೆ ಮೇಲೆ ತೇಲುತ್ತದೆ. ಬಿಸಿಲೇರಿದ ಮೇಲೆ ಕೆಳಕ್ಕಿಳಿಯುತ್ತದೆ. ಸಂಜೆಗಾಳಿಗೆ ಅತ್ತಿತ್ತ ಕದಡುತ್ತದೆ. ತಳದ ನೀರಿಗೆ ಕೊಳೆತ ಮೊಟ್ಟೆಯ ವಾಸನೆ, ಅಲ್ಲಿ ಬ್ಯಾಕ್ಟೀರಿಯಾಗಳದ್ದೇ ಸಂಸಾರ. ಹದಿನೈದಡಿಯಲ್ಲಿ ಮಾತ್ರ ಯಾವ ಹೊತ್ತಿಗೆ ಹೋದರೂ ತಿಳಿನೀರು. ಪೈಪು ಅಲ್ಲೇ ಕೂರಬೇಕು ಎಂಬುದು ಅವನ ಹಟ. ಮಗಳು ಸಾಯಿಮಾ ಒಂದೇ ವರ್ಷದಲ್ಲಿ ಮೂರು ಸಲ ಹೊಟ್ಟೆ ಕೆಟ್ಟು ಹೊನ್ನಾಳಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡಿದ್ದಳು. ಜೊತೆಗೆ ಪಂಪ್‌ಹೌಸ್ ಎದ್ದರೆ ಅದರ ಕೆಲಸ ತನಗೇ ಎಂಬ ಆಸೆಯೂ ಇತ್ತು.

ಆ ದಿನ ಸಂಜೆ ಐದಕ್ಕೆ ಇಂಜಿನಿಯರ್ ಅಂಬಿಕಾ ಮೇಡಂ ತಾವೇ ಬಂದು, ಕೊನೆಯ ಹನ್ನೆರಡು ಬಾಟಲಿ ನೋಡಿ, ಪೈಪಿನ ಜಾಗ, ಪಂಪ್‌ಹೌಸಿನ ಕೆಲಸ ಎರಡನ್ನೂ ತೀರ್ಮಾನಿಸುವವರಿದ್ದರು.

ನಾಲ್ಕು ಗಂಟೆಗೆ, ಸಂಜೆಯ ಖಾಲಿ ಬಾಟಲಿಗಳನ್ನು ಹಿಡಿದು ಹೊರಟವನು ಉಳಿದ ಎಂಟನ್ನು ಒಮ್ಮೆ ನೋಡಿ ಹೋಗೋಣವೆಂದು ಗಾದ್ರಮ್ಮನ ಫ್ರಿಜ್ ತೆಗೆದ. ಎಂಟೂ ಕನ್ನಡಿಯಂತೆ ಹೊಳೆಯುತ್ತಿದ್ದವು.

"ಅಕ್ಕಾ, ಇದೇನಿದು?"

"ದೊಡ್ಡ ಆಫೀಸರಮ್ಮ ನೋಡಾಕೆ ಬರ್ತಾಳಂತಲ್ಲ," ಗಾದ್ರಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಆ ಹಸಿರು ಗಲೀಜು ನೋಡಿದ್ರೆ ಊರ ಮರ್ಯಾದೆ ಏನಾಗ್ಬೇಕು? ಎಲ್ಲಾ ಚೆಲ್ಲಿ, ಬೂದಿ ಹಾಕಿ ತಿಕ್ಕಿ, ಫಿಲ್ಟರ್ ನೀರು ತುಂಬಿಟ್ಟೀನಿ. ನಿನ್ನ ಚೀಟಿ ಒಂದೂ ಕಿತ್ತಿಲ್ಲ ನೋಡು."

"ಅದು ಪರೀಕ್ಷೆಗೆ ಇಟ್ಟ ನೀರಕ್ಕಾ."

"ಗೊತ್ತೈತೆ. ಪರೀಕ್ಷೆಗೆ ಯಾರಾದ್ರೂ ಕೊಳೆ ಬಟ್ಟೆ ಹಾಕ್ಕೊಂಡು ಹೋಗ್ತಾರಾ?"

ಬಾಟಲಿ ಮತ್ತೆ ತುಂಬಬಹುದು, ಆದರೆ ಬೆಳಗಿನ ಆರು ಗಂಟೆಯ ಪಾಚಿಯನ್ನು ಸಂಜೆ ನಾಲ್ಕಕ್ಕೆ ಎಲ್ಲಿಂದ ತರುವುದು?

ಅಷ್ಟರಲ್ಲಿ ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ಬೈಲಪ್ಪ ಓಡಿ ಬಂದ. "ಅಮೀರಣ್ಣ, ಐದಕ್ಕೆ ಅಂದಿದ್ರು, ಜೀಪು ಆಗ್ಲೇ ಸವಳಂಗ ದಾಟೈತೆ. ಇನ್ನ ಕಾಲು ಗಂಟೆ."

ನಡುಕೆರೆಗೆ ಹೋಗುವುದಕ್ಕೇ ಅರ್ಧ ಗಂಟೆ ಬೇಕು. ಫಿಲ್ಟರ್ ನೀರು ಕೊಟ್ಟರೆ ಪಾಚಿಯೇ ಇಲ್ಲದ ಕೆರೆ ಯಾವುದೆಂದು ಕೇಳುತ್ತಾರೆ. ಅಮೀರ್‌ಜಾನ್ ಜಗಲಿಯ ಮೇಲೆ ಕುಸಿದ.

"ಹಿಂಗೆ ಕುಂತ್ರೆ ಹೆಂಗೆ? ದಡದ ಮೆಟ್ಟಿಲ ಹತ್ರ ಹನ್ನೆರಡೂ ಅದ್ದಿ ತಂದ್ರಾತು," ಎಂದ ಬೈಲಪ್ಪ. "ಅಲ್ಲಿದೂ ಅದೇ ಕೆರೆ. ನೀರು ನೀರೇ."

ಮೆಟ್ಟಿಲ ಬಳಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಅವುಗಳ ಪಕ್ಕದಲ್ಲೇ ಬಗ್ಗಿ ಅಮೀರ್‌ಜಾನ್ ಹನ್ನೆರಡೂ ಬಾಟಲಿ ತುಂಬಿದ. ಹನ್ನೊಂದು ತಿಂಗಳಲ್ಲಿ, ಜ್ವರ ಬಂದ ದಿನವೂ, ಹಗ್ಗವನ್ನು ಒಂದಡಿ ಕಡಿಮೆ ಬಿಟ್ಟವನಲ್ಲ. ಹದಿನೈದಡಿಯ ಚೀಟಿಯಿದ್ದ ಬಾಟಲಿಯನ್ನು ಮೊಣಕಾಲುದ್ದದ ನೀರಿನಲ್ಲಿ ಅದ್ದುವಾಗ ಅವನಿಗೆ ನಾಚಿಕೆಯಾಯಿತು.

ಅಂಬಿಕಾ ಮೇಡಂ ಜೀಪಿನ ಬಾನೆಟ್ಟಿನ ಮೇಲೆ ಬಾಟಲಿ ಸಾಲಾಗಿ ಇಡಿಸಿ, ಒಂದು ಪುಟ್ಟ ಯಂತ್ರ ಅದ್ದಿ ಪಾಚಿಯ ಅಂಕಿ ನೋಡುತ್ತ ಬಂದರು. ಒಂದನೆಯದು ನಲವತ್ತು. ಎರಡನೆಯದು ನಲವತ್ತು. ಐದನೆಯದೂ ನಲವತ್ತೇ. ಹನ್ನೆರಡೂ ಮುಗಿದಾಗ ಮೇಡಂ ಕನ್ನಡಕ ತೆಗೆದು ಅಮೀರ್‌ಜಾನನನ್ನೇ ನೋಡಿದರು.

"ಹನ್ನೊಂದು ತಿಂಗಳಲ್ಲಿ ಇವತ್ತೊಂದೇ ದಿನ ನೀವು ಸರಿಯಾಗಿ ಕೆಲಸ ಮಾಡಿದ್ದೀರಿ."

"ಮೇಡಂ?"

"ನಮ್ಮ ಫಾರಂನಲ್ಲಿ ಒಂದು ಕೆರೆಗೆ ಒಂದೇ ಕಾಲಂ ಇರೋದು. ನೀವು ದಿನಕ್ಕೆ ಹನ್ನೆರಡು ಥರ ನೀರು ಕಳಿಸಿದ್ರೆ ನಾನು ಯಾವುದನ್ನ ಬರೀಲಿ? ಆ ಮನುಷ್ಯ ಬಾಟಲಿ ತೊಳೆಯದೇ ತುಂಬ್ತಾನೆ ಅಂತ ಮೇಲಿನವರು ಬರೆದೇಬಿಟ್ಟಿದ್ದಾರೆ. ಇವತ್ತಾದ್ರೂ ಫೈಲು ಮುಚ್ಚಬಹುದು. ಎಲ್ಲಾ ಆಳದಲ್ಲೂ ನೀರು ಒಂದೇ ಅಂದ ಮೇಲೆ ನಡುಕೆರೆಗೆ ಪೈಪು ಯಾಕೆ? ಮೆಟ್ಟಿಲ ಹತ್ರಾನೇ ಹಾಕಿಸ್ತೀವಿ."

ಕೆಲಸ ಹೋದರೆ ಹೋಗಲಿ ಎಂದು ಅಮೀರ್‌ಜಾನ್ ಬಾಯಿಬಿಟ್ಟ. "ಮೇಡಂ, ಸುಳ್ಳು ಇವತ್ತಿಂದು. ಹನ್ನೆರಡೂ ಎಮ್ಮೆ ಪಕ್ಕದಾಗೆ ತುಂಬಿದ್ದು. ಇಷ್ಟು ದಿನ ಕಳಿಸಿದ್ದೇ ನಿಜ. ಹದಿನೈದಡಿ ನೀರು ಅಮೃತ ಇದ್ದಂಗೈತೆ, ಒಂದ್ಸಲ ತೆಪ್ಪ ಹತ್ತಿ ಬರ್ರಿ, ನಾನೇ ತೋರಿಸ್ತೀನಿ."

ಮೇಡಂಗೆ ಕನಿಕರ ಬಂತು. "ಹಳೇ ತಪ್ಪು ಮುಚ್ಚೋಕೆ ಇವತ್ತಿನ ಒಳ್ಳೇ ಕೆಲಸಾನೂ ಹಾಳು ಮಾಡ್ಕೋಬೇಡಿ," ಎಂದರು. ಆದರೂ ಆ ಹನ್ನೊಂದು ತಿಂಗಳ ದಾಖಲೆಯಿದ್ದವನಿಗೆ ಪಂಪ್‌ಹೌಸ್ ವಹಿಸುವಂತಿರಲಿಲ್ಲ. "ಇಲ್ಲಿ ನೀರಿನ ವಿಷಯ ತಿಳಿದವರು ಬೇರೆ ಯಾರಿದ್ದಾರೆ?" ಎಂದು ಕೇಳಿದರು. ಬೈಲಪ್ಪ ವಿನಯದಿಂದ ಒಂದು ಹೆಜ್ಜೆ ಮುಂದೆ ಬಂದ.

ನಾಲ್ಕು ತಿಂಗಳಿಗೆ ನಲ್ಲಿ ಬಂತು. ಮೊದಲ ವಾರವೇ ಗಾದ್ರಮ್ಮ ತುಂಬಿದ ಕೊಡ ಎತ್ತಿಕೊಂಡು ಅಮೀರ್‌ಜಾನನ ಬಾಗಿಲಿಗೆ ಬಂದಳು. ನೀರು ಪುದೀನ ಚಟ್ನಿ ಕಲಸಿದಂತಿತ್ತು. ಒಳಗೆ ಸಾಯಿಮಾ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು.

"ಆವತ್ತು ನಾನು ತುಂಬಿಟ್ಟ ನೀರೇ ಕೊಟ್ಟಿದ್ರೆ ಇಂಥಾ ಗತಿ ಬರ್ತಿತ್ತಾ? ನೀರು ಓದಿದೋನು ನೀನು, ಈಗ ಏನ್ ಮಾಡ್ಬೇಕು ಹೇಳು."

ಅಮೀರ್‌ಜಾನ್ ಕೊಡದೊಳಗೆ ಬಗ್ಗಿ ನೋಡಿದ. ಪಾಚಿಯ ದಿನಚರಿ ಅವನಿಗಿಂತ ಚೆನ್ನಾಗಿ ತಿಳಿದವರು ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ.

"ಬೆಳಗ್ಗೆ ಹಿಡೀಬೇಡ್ರಿ ಅಕ್ಕಾ. ಹನ್ನೊಂದರ ಮೇಲೆ ಪಾಚಿ ಕೆಳಗಿಳೀತೈತೆ, ಆವಾಗ ಹಿಡೀರಿ."

"ಅಯ್ಯೋ, ಒಂಬತ್ತಕ್ಕೇ ಬೈಲಪ್ಪ ಮೋಟರ್ ಆಫ್ ಮಾಡಿ ಬೀಗ ಹಾಕ್ಕೊಂಡು ಹೋಗ್ತಾನಲ್ಲೋ," ಎಂದಳು ಗಾದ್ರಮ್ಮ.