ಕೌದಿಯ ನಾಲ್ಕನೆಯ ಮೂಲೆ

ಆ ಕೌದಿಗೆ ಮೂರು ಮೂಲೆ ಹೊಲಿದಿದ್ದರು. ನಾಲ್ಕನೆಯದನ್ನು ಒಂದು ಗೇಣು ಹಾಗೇ ಬಿಟ್ಟಿದ್ದರು. ಅಲ್ಲಿಂದ ಹನ್ನೊಂದು ದಾರದ ಎಳೆಗಳು ಮುದಿ ಹೋತದ ಗಡ್ಡದಂತೆ ಜೋತುಬಿದ್ದಿದ್ದವು. ಕೊನೆಯ ಎಳೆಯಲ್ಲಿ ಸೂಜಿಯೂ ಇತ್ತು. ಗೋಡೆಗೆ ತೂಗುಹಾಕುವಾಗ ಯಂಕೋಬ, ‘ಪಾಪ, ಹೊಲಿಯಾಕಿಗೆ ನಡುವ ಏನು ಕೆಲಸ ಬಂತೋ’ ಅಂದುಕೊಂಡ. ಉಳಿದವರೂ ಬರೇ ಅಂದುಕೊಂಡು ಬಿಟ್ಟಿದ್ದರೆ ಚೆನ್ನಾಗಿತ್ತು.

ಯಂಕೋಬ ಯಲಬುರ್ಗಾದ ಒಂದು ಸರಕಾರಿ ಕಚೇರಿಯಲ್ಲಿ ಹಂಗಾಮಿ ಜವಾನ. ಒಂಬತ್ತು ವರ್ಷದಿಂದ ಹಂಗಾಮಿ. ಅವನ ನಂತರ ಬಂದ ಗೋಡೆ ಗಡಿಯಾರ ಕೂಡ ದಾಸ್ತಾನು ಪುಸ್ತಕದಲ್ಲಿ ಖಾಯಂ ಆಗಿ ನಿಂತೇ ಹೋಗಿತ್ತು. ಇವನು ಓಡಾಡುತ್ತಲೇ ಇದ್ದ, ಖಾಯಂ ಆಗಿರಲಿಲ್ಲ.

ಅದು ಎಂಬತ್ನಾಲ್ಕನೆಯ ಇಸವಿಯ ಫೆಬ್ರವರಿ. ಬೆಂಗಳೂರಿನ ಒಂದು ವಸ್ತುಸಂಗ್ರಹಾಲಯವೂ ಹೈದರಾಬಾದಿನ ಇನ್ನೊಂದು ವಸ್ತುಸಂಗ್ರಹಾಲಯವೂ ಕೂಡಿ ‘ಇಂದಿನ ಮಹಿಳಾ ಕಲಾವಿದರು’ ಎಂಬ ಪ್ರದರ್ಶನವನ್ನು ಲಾರಿಗೆ ಹೇರಿ ಊರೂರಿಗೆ ಕಳಿಸಿದ್ದವು. ಕೊಪ್ಪಳ, ಗಂಗಾವತಿ, ಕುಷ್ಟಗಿ ಮುಗಿಸಿಕೊಂಡು ಲಾರಿ ಯಲಬುರ್ಗಾಕ್ಕೆ ಬಂತು. ಇಬ್ಬರ ಸಂಸಾರವಾದ್ದರಿಂದ ಎಲ್ಲವೂ ಎರಡೆರಡು. ಎರಡು ಮೊಹರು, ಎರಡು ಪಟ್ಟಿ. ಬೆಂಗಳೂರಿನ ಪಟ್ಟಿ ಕನ್ನಡದಲ್ಲಿ, ಹೈದರಾಬಾದಿನದು ಇಂಗ್ಲಿಷಿನಲ್ಲಿ. ಯಂಕೋಬನಿಗೆ ಕನ್ನಡ ಓದಲು ಬರುತ್ತಿತ್ತು. ಕಚೇರಿಯ ಸಾಹೇಬರಿಗೆ ಇಂಗ್ಲಿಷ್ ಬರುತ್ತದೆಂದು ಸಾಹೇಬರೇ ಹೇಳುತ್ತಿದ್ದರು. ಅವರು ಹೈದರಾಬಾದಿನ ಪಟ್ಟಿಯನ್ನು ಕೈಗೆತ್ತಿಕೊಂಡು, ಹ್ಞೂಂ ಹ್ಞೂಂ ಎಂದು, ನಾಲ್ಕು ಮಡಿಕೆ ಮಾಡಿ ಸಭಾಭವನದ ಅಲುಗಾಡುವ ಮೇಜಿನ ಕಾಲಿನ ಕೆಳಗೆ ಇಟ್ಟರು. ಮೇಜು ನಿಂತಿತು.

“ಯಂಕೋಬ, ಸಂಜಿ ನಾಕಕ್ಕ ಎರಡೂ ಕಡೆ ಅಧಿಕಾರಿಗಳು ಬರ್ತಾರ. ಪಟ್ಟಿ ಹಿಡದು ಒಂದೊಂದು ಸಾಮಾನು ನೋಡ್ತಾರ. ಒಂದು ದಾರ ಅತ್ತಿತ್ತ ಆಗಿರಬಾರದು. ಎಲ್ಲಾ ಸರಿ ಇತ್ತಂದ್ರ ಅವರ ಕೈಲಿಂದ ನಿನಗೊಂದು ಛಲೋ ಪತ್ರ ಬರಸ್ತೀನಿ. ಅದನ್ನ ಹಚ್ಚಿ, ಈ ಯಂಕೋಬನ್ನ ಖಾಯಂ ಮಾಡ್ರಿ ಅಂತ ರಾಯಚೂರಿನ ಜಿಲ್ಲಾ ಕಚೇರಿಗೆ ಕಳಸ್ತೀನಿ.”

“ಅತ್ತಿತ್ತ ಆದ್ರ ಏನ್ರಿ ಸಾಹೇಬರ?”

“ಆದ್ರ ನೀನೂ ಅತ್ತಿತ್ತ.”

ಯಂಕೋಬ ಪಟ್ಟಿಯನ್ನು ಬಾಯಿಪಾಠ ಮಾಡಿದ. ‘ಸಂಖ್ಯೆ ಹದಿನೇಳು. ಕೌದಿ. ಒಂದು ಮೂಲೆ ತೆರೆದಿದೆ. ಜೋತುಬಿದ್ದ ಎಳೆ ಹನ್ನೊಂದು. ಸೂಜಿ ಒಂದು. ಮುಟ್ಟಬಾರದು.’

ಬೆಳಿಗ್ಗೆ ಹತ್ತಕ್ಕೆ ಕಚೇರಿಯ ಸಭಾಭವನದ ಬಾಗಿಲು ತೆರೆದರು. ಹನ್ನೊಂದರ ತನಕ ಒಂದು ಆಡು ಬಂತು, ಬಸ್ಸು ತಪ್ಪಿದವನೊಬ್ಬ ನೀರು ಕೇಳಿ ಹೋದ. ಸಾಹೇಬರಿಗೆ ದಿಗಿಲಾಯಿತು.

“ಹೆಣ್ಣುಮಕ್ಕಳ ಪ್ರದರ್ಶನಕ್ಕ ಹೆಣ್ಣುಮಕ್ಕಳ ಇಲ್ಲಂದ್ರ ಹೆಂಗೋ? ಯಾರನಾರ ಕರಕೊಂಡು ಬಾ. ಆಮ್ಯಾಲೆ ಕುಕನೂರಿಗೆ ಹೋಗಿ ಮೂರು ಹಾರ ತಗೊಂಡು ಬಾ.”

ಯಂಕೋಬ ತನ್ನ ಓಣಿಗೆ ಓಡಿದ. ಅಲ್ಲಿ ಮುದುಕವ್ವ ಇದ್ದಳು. ಓಣಿಯಲ್ಲಿ ಹುಟ್ಟಿದವರಿಗೆಲ್ಲ ಕೌದಿ ಹೊಲಿದುಕೊಟ್ಟವಳು, ಹಾಗಾಗಿ ಎಲ್ಲರ ಮನೆಯ ಮಾತಿಗೂ ಒಂದು ಹೊಲಿಗೆ ಹಾಕುವ ಹಕ್ಕು ತನಗಿದೆಯೆಂದು ತಿಳಿದವಳು. ಅವಳ ಜೊತೆಗೆ ಮಗಳು ಮಾರೆವ್ವ, ಎದುರು ಮನೆಯ ತಾಜಬೀ, ಅವರ ಹಿಂದೆ ಮತ್ತೆ ಐದಾರು ಜನ ಬಂದರು.

ಮೊದಲ ಚಿತ್ರದಲ್ಲಿ ಮುಖವಿಲ್ಲದ ನೀಲಿ ಹೆಂಗಸೊಬ್ಬಳು ಕುಳಿತಿದ್ದಳು.

“ಇಕಿ ಮಾರಿ ಎಲ್ಲಿ ಹೋತೋ?” ಎಂದಳು ಮುದುಕವ್ವ.

“ಅದು ಕಲಾ, ಆಯಿ.”

“ಕಲಾ ಇರಲಿ. ಮಾರಿ ಎಲ್ಲಿ?”

ಯಂಕೋಬ ಗಡಿಬಿಡಿಯಲ್ಲಿದ್ದ. “ಆಯಿ, ನಾ ಕುಕನೂರಿಗೆ ಹೋಗಿ ಹಾರ ತರ್ತೀನಿ. ಅಲ್ಲಿ ಮಟ ಇಲ್ಲಿ ಸ್ವಲ್ಪ ನೋಡಕೋ.”

“ನೀ ಹೋಗು ತಮ್ಮಾ. ನಾವು ಬರೋಬ್ಬರಿ ನೋಡಕೋತೀವಿ.”

ಹೋಗುವಾಗ ಬಸ್ಸು ಸಿಕ್ಕಿತು. ಬರುವಾಗ ಬಸ್ಸಿನ ಟೈರು ಒಡೆಯಿತು. ಯಂಕೋಬ ಸಿಕ್ಕ ಎತ್ತಿನ ಬಂಡಿ ಹತ್ತಿದ. ಬಂಡಿಯ ಹಿಂದೆ ಕಟ್ಟಿದ್ದ ಕರು ಒಂದು ಹಾರ ತಿಂದು ಎರಡನೆಯದರ ರುಚಿ ನೋಡುವಷ್ಟರಲ್ಲಿ ಅವನಿಗೆ ಎಚ್ಚರವಾಯಿತು. ಒಂದೂವರೆ ಹಾರದೊಂದಿಗೆ ಸಭಾಭವನಕ್ಕೆ ಬಂದಾಗ ಮೂರು ಹೊಡೆದಿತ್ತು. ಸಾಹೇಬರು ಊಟಕ್ಕೆ ಹೋದವರು ಇನ್ನೂ ಬಂದಿರಲಿಲ್ಲ.

ಹೆಂಗಸರು ಮದುವೆ ಊಟ ಮುಗಿಸಿದವರಂತೆ ಕಾಲು ಚಾಚಿ ಕುಳಿತಿದ್ದರು. ಕೌದಿ ಗೋಡೆಯ ಮೇಲೇ ಇತ್ತು. ಅದಕ್ಕೆ ಈಗ ನಾಲ್ಕೂ ಮೂಲೆ ಇದ್ದವು. ಗಡ್ಡ ಇರಲಿಲ್ಲ.

“ಏನು ಮಾಡಿದ್ರಿಬೇ ಇದನ್ನ!”

“ನೋಡಕೋ ಅಂದಿ, ನೋಡಕೊಂಡ್ವಿ,” ಎಂದಳು ಮುದುಕವ್ವ. “ಮೂಲಿ ಬಿಟ್ಟ ಕೌದಿ ಗ್ವಾಡಿಗೆ ಹಾಕ್ಯಾರಲ್ಲೋ, ಬುದ್ಧಿ ಐತೇನು ಅವರಿಗೆ? ಹೊಲದಾಕಿಗೆ ಛಲೋ ಅಲ್ಲ, ನೋಡಿದಾಕಿಗೆ ಛಲೋ ಅಲ್ಲ.”

“ಎಳಿ ಎಲ್ಲಾ ಕತ್ತರಿಸಿ ಸಾಫ್ ಮಾಡೇವಿ ಭಾಯಿ,” ಎಂದಳು ತಾಜಬೀ. “ಸೂಜಿ ಭಾಳ ಛಲೋ ಇತ್ತು. ಮನಿಗೆ ಹೋಗಿ ಇಟ್ಟು ಬಂದೆ.”

“ಹೊಟ್ಟೀನೂ ತುಂಬಸೇವಿ. ನಾನ ಹೋಳಗಿ ತಂದೆ,” ಎಂದಳು ಮಾರೆವ್ವ.

ಆ ಓಣಿಯಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ತುತ್ತು ಇಡುತ್ತಾರೆ. ಹೊಟ್ಟೆ ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂದು ನಂಬಿಕೆ. ರೊಟ್ಟಿಯ ಚೂರಾದರೂ ನಡೆಯುತ್ತದೆ. ಸರಕಾರಿ ಕೌದಿ ಎಂದು ಇವರು ಹೋಳಿಗೆ ಇಟ್ಟಿದ್ದರು.

ತನ್ನ ಒಂಬತ್ತು ವರ್ಷ ಆ ಗೇಣುದ್ದದ ಹೊಲಿಗೆಯೊಳಗೆ ಹೋಳಿಗೆಯ ಜೊತೆ ಸಿಕ್ಕಿಕೊಂಡದ್ದು ಯಂಕೋಬನಿಗೆ ಕಾಣಿಸಿತು. ಆಮೇಲೆ ಕಚೇರಿಯ ಬ್ಲೇಡು ತಂದ.

“ಏನು ಮಾಡ್ತಿ?” ಎಂದಳು ಮುದುಕವ್ವ.

“ಬಿಚ್ಚತೀನಿ.”

“ಹೊಟ್ಟಿ ತುಂಬಿದ ಕೌದಿ ಬಿಚ್ಚತೀಯಾ? ಬಾಣಂತಿ ಮುಂದಿನ ತಾಟು ಕಸಗೊಂಡಂಗ ಆತು, ಭಾಡ್ಯಾ!”

“ಆಯಿ, ನನ್ನ ನೌಕರಿ!”

“ನೌಕರಿ ಎಲ್ಲೈತೋ? ಹಂಗಾಮಿ ಅದೀ.”

ಹೊಲಿಗೆ ಇರುವೆ ಸಾಲಿನಷ್ಟು ಒತ್ತಾಗಿತ್ತು. ಎಲ್ಲಿಂದ ಮುದುಕವ್ವನದು, ಎಲ್ಲಿಯ ತನಕ ಕಲಾವಿದೆಯದು ಎಂದು ದೇವರಿಗೂ ತಿಳಿಯುವಂತಿರಲಿಲ್ಲ. ಯಂಕೋಬ ಅಂದಾಜಿನ ಮೇಲೆ ಒಂದೂವರೆ ಗೇಣು ಬಿಚ್ಚಿದ. ಹೋಳಿಗೆಯ ಚೂರು ಕೈಗೆ ಬಂತು. ಅದನ್ನು ಎಲ್ಲಿ ಇಟ್ಟರೂ ಮುದುಕವ್ವ ಸಾಕ್ಷಿಗೆ ತೋರಿಸುತ್ತಾಳೆಂದು ಬಾಯಿಗೆ ಹಾಕಿಕೊಂಡು ನುಂಗಿದ. ಎಳೆಗಳು ಬೇಕಲ್ಲ? ಕಪಾಟಿನ ಹಳೆಯ ಕಡತಗಳಿಂದ ಕೆಂಪು ದಾರ ಜಗ್ಗಿ ಹನ್ನೊಂದು ತುಂಡು ಮಾಡಿ ಜೋತುಬಿಟ್ಟ. ತಾಜಬೀ ಗೊಣಗುತ್ತ ಹೋಗಿ ಸೂಜಿ ತಂದಳು. “ಕೊಟ್ಟ ಸೂಜಿ ಹೊಳ್ಳಿ ಕೇಳಬಾರದು ಭಾಯಿ, ಜಗಳ ಆಗ್ತಾವ.”

“ಕೊಟ್ಟೋರು ಯಾರು ಅಕ್ಕಾ?” ಎಂದು ಯಂಕೋಬ ಅಳುವ ದನಿಯಲ್ಲಿ ಕೇಳುವಾಗಲೇ ಹೊರಗೆ ಜೀಪು ನಿಂತಿತು.

ಬೆಂಗಳೂರಿನ ಅಧಿಕಾರಿ ಮುಂದೆ, ಹೈದರಾಬಾದಿನ ಅಧಿಕಾರಿ ಅವರಿಗಿಂತ ಅರ್ಧ ಹೆಜ್ಜೆ ಮುಂದೆ ಬಂದರು. ಒಂದೂವರೆ ಹಾರವನ್ನು ಸಾಹೇಬರು ಹೇಗೋ ಹಂಚಿದರು. ಬೆಂಗಳೂರಿನವರು ಹದಿನೇಳನೆಯ ಸಂಖ್ಯೆಗೆ ಬಂದು ಬೆರಳು ಮಾಡಿ ಎಣಿಸಿದರು.

“ಎಳೆ ಹನ್ನೊಂದು. ಸೂಜಿ ಒಂದು. ಮೂಲೆ ತೆರೆದಿದೆ. ಸರಿಯಾಗಿದೆ ಕಣ್ರೀ.”

ಸಾಹೇಬರು ಯಂಕೋಬನತ್ತ ನೋಡಿ ಮುಗುಳ್ನಕ್ಕರು. ಅಷ್ಟರಲ್ಲಿ ಜೀಪಿನಿಂದ ಕೊನೆಯಲ್ಲಿ ಇಳಿದಿದ್ದ ಹೆಂಗಸು ಕೌದಿಯ ಹತ್ತಿರ ಬಂದಳು. ಅದನ್ನು ಮಾಡಿದ ಕಲಾವಿದೆ, ಚಾಂದಬೀ. ಇರುವುದು ಹೈದರಾಬಾದಿನಲ್ಲಾದರೂ ಹುಟ್ಟಿದ್ದು ಕುಕನೂರಿನಲ್ಲಿ.

“ಈ ಕೆಂಪು ದಾರ ನಂದಲ್ರಿ,” ಎಂದಳು.

ಸಾಹೇಬರು ಬಗ್ಗಿ ನೋಡಿದರು. “ಇದು ನಮ್ಮ ಕಡತದ ದಾರ!”

“ಸೂಜಿ ತೂತು ಅದಾವ. ಯಾರೋ ಹೊಲದು ಬಿಚ್ಚ್ಯಾರ. ಯಾರು ಹೊಲದ್ರಿ?”

“ನಾವ,” ಎಂದಳು ಮುದುಕವ್ವ. “ಬಿಚ್ಚಿದಾಂವ ಇಂವ.”

“ತುತ್ತು ಇಟ್ಟಿದ್ರೇನಬೇ?”

“ಹೋಳಗಿ ಇಟ್ಟಿದ್ವಿ ಯವ್ವಾ.”

“ಎಲ್ಲೈತಿ?”

ಎಲ್ಲರೂ ಯಂಕೋಬನನ್ನು ನೋಡಿದರು. ಅವನ ಮೀಸೆಗೆ ಹೂರಣ ಹತ್ತಿತ್ತು.

“ಯಂಕೋಬ,” ಎಂದರು ಸಾಹೇಬರು ಹಲ್ಲು ಕಚ್ಚಿ, “ನಾಳಿಂದ ನೀನು...”

“ತಡೀರಿ ಸಾಹೇಬರ,” ಎಂದು ಚಾಂದಬೀ ನೆಲಕ್ಕೆ ಕುಳಿತೇಬಿಟ್ಟಳು. “ನಾ ಮೂಲಿ ಬಿಟ್ಟಿದ್ದ ಅದಕ್ಕ. ಹೋದ ಊರಾಗಿನ ಹೆಣ್ಣುಮಕ್ಕಳು ಹೊಲೀಲಿ ಅಂತ. ಕೊಪ್ಪಳದಾಗ ಮುಟ್ಟಲಿಲ್ಲ. ಗಂಗಾವತ್ಯಾಗ ಮುಟ್ಟಲಿಲ್ಲ. ಕುಷ್ಟಗ್ಯಾಗ ಕೈ ಕಟಗೊಂಡು ನೋಡಿ ಹೋದ್ರು. ಇಲ್ಲಿ ಹೊಲದ್ರು, ತುತ್ತೂ ಇಟ್ರು. ಇಂವ ಅದನ್ನ ತಿಂದಾನ!”

ಹೈದರಾಬಾದಿನ ಅಧಿಕಾರಿ ತಮ್ಮ ಪಟ್ಟಿ ತೆಗೆದು ಓದಿ, ಅರ್ಥ ಹೇಳಿದರು. ಅದರಲ್ಲಿ ಹಾಗೇ ಇತ್ತು. ಸ್ಥಳೀಯ ಮಹಿಳೆಯರು ಹೊಲಿಯಬೇಕು. ಬೆಂಗಳೂರಿನವರ ಪಟ್ಟಿಯಲ್ಲಿ ಮಾತ್ರ ಮುಟ್ಟಬಾರದು ಎಂದಿತ್ತು.

“ಈ ಪಟ್ಟಿ ನಿಮಗೂ ಕೊಟ್ಟಿದ್ದೇವಲ್ಲ?” ಎಂದು ಹೈದರಾಬಾದಿನವರು ಸಾಹೇಬರನ್ನು ಕೇಳಿದರು. ಸಾಹೇಬರು ಮೇಜಿನ ಕಾಲನ್ನು ನೋಡಿದರು. ಆಮೇಲೆ ಜಂತಿ ನೋಡಿದರು.

ಅಧಿಕಾರಿಗಳಿಬ್ಬರೂ ಮುಟ್ಟಬೇಕೋ ಮುಟ್ಟಬಾರದೋ ಎಂದು ಜಗಳಕ್ಕೆ ನಿಂತರು. ಅವರ ಜಗಳ ಮುಗಿಯುವುದರೊಳಗೆ ಮುದುಕವ್ವನೂ ತಾಜಬೀಯೂ ಕೌದಿ ಇಳಿಸಿ ಮೂಲೆ ಮುಚ್ಚತೊಡಗಿದರು. ಮಾರೆವ್ವ ಇನ್ನೊಂದು ಹೋಳಿಗೆ ತಂದು ಯಂಕೋಬನಿಗೆ ದೂರದಿಂದ ತೋರಿಸಿ ಒಳಗಿಟ್ಟಳು. ಬಿಚ್ಚಿದವನೂ ಒಂದು ಸಾಲು ಹೊಲಿಯಲಿ ಎಂದಳು ಚಾಂದಬೀ. ಯಂಕೋಬ ಹೊಲಿದ. ನಡೆಯುತ್ತ ಉಚ್ಚೆ ಹೊಯ್ದ ಎತ್ತಿನ ಗೆರೆಯಂತೆ ಬಂತು.

“ಈಗ ಛಲೋ ಆತು,” ಎಂದು ಚಾಂದಬೀ ನಕ್ಕಳು. “ಕೈ ಹಚ್ಚಿದ ಈ ನಾಕೂ ಜನರಿಗೆ ಪತ್ರ ಕೊಡ್ರಿ.”

ಯಂಕೋಬನ ಜೀವ ಮತ್ತೆ ಮೈಯೊಳಗೆ ಬಂತು. ಆದರೆ ಬೆಂಗಳೂರಿನವರು ತಲೆ ಅಲ್ಲಾಡಿಸಿದರು. “ಇದು ಮಹಿಳಾ ಕಲಾವಿದರ ಪ್ರದರ್ಶನ ಮೇಡಂ. ಗಂಡಸಿನ ಹೆಸರು ಬರೆದರೆ ಮೇಲಿನವರು ಆಕ್ಷೇಪಣೆ ಹಾಕ್ತಾರೆ.” ಇಡೀ ಪ್ರವಾಸದಲ್ಲಿ ಮೊದಲ ಸಲ ಹೈದರಾಬಾದಿನವರು ಅವರ ಮಾತಿಗೆ ಹೌದು ಎಂದರು.

ಯಂಕೋಬ ಸಾಹೇಬರ ಕಾಲು ಹಿಡಿಯುವುದೊಂದು ಬಾಕಿ. ಸಾಹೇಬರಿಗೂ ಮೇಜಿನ ಕಾಲಿನ ಸುದ್ದಿ ಇಲ್ಲಿಗೇ ಮುಗಿಯಬೇಕಿತ್ತು. “ಒಂದು ಅಕ್ಷರದ ಮಾತು ಬಿಡ್ರಿ,” ಎಂದು ಅವರೇ ಬರೆಸಿದರು. ‘ಶ್ರೀಮತಿ ಮುದುಕವ್ವ, ಶ್ರೀಮತಿ ಮಾರೆವ್ವ, ಶ್ರೀಮತಿ ತಾಜಬೀ ಹಾಗೂ ಶ್ರೀಮತಿ ಯಂಕೋಬವ್ವ, ಇವರ ಸೇವೆ ಶ್ಲಾಘನೀಯ.’ ಎರಡೂ ಮೊಹರು ಬಿದ್ದವು.

“ಇದು ನಡೀತೈತೇನ್ರಿ ಸಾಹೇಬರ?”

“ಪತ್ರ ಮುಖ್ಯ ಲೇ. ರಾಯಚೂರಾಗ ಹೆಸರು ಯಾರು ಓದ್ತಾರ?”

ರಾಯಚೂರಿನಲ್ಲಿ ಓದಿದರು. ಹೆಸರೊಂದನ್ನೇ ಓದಿದರು. ಎರಡು ತಿಂಗಳಿಗೆ ಆದೇಶ ಬಂತು: ‘ಶ್ರೀಮತಿ ಯಂಕೋಬವ್ವ, ಇವರನ್ನು ಖಾಯಂಗೊಳಿಸಿ, ಗಂಗಾವತಿಯ ಹೆಣ್ಣುಮಕ್ಕಳ ವಸತಿ ನಿಲಯಕ್ಕೆ ಆಯಾ ಎಂದು ನೇಮಿಸಲಾಗಿದೆ. ಏಳು ದಿನದೊಳಗೆ ಹಾಜರಾಗತಕ್ಕದ್ದು.’

“ತಿದ್ದಸ್ರಿ ಸಾಹೇಬರ,” ಎಂದ ಯಂಕೋಬ.

“ಏನಂತ ತಿದ್ದಸ್ಲಿ? ಹೆಂಗಸು ಅಂತ ಬರೆದು ಮೊಹರು ಹಾಕಿಸಿದಾಂವ ನಾನ. ತಿದ್ದಿದ್ರ ನಾನೂ ಅತ್ತಿತ್ತ. ನಿನ್ನ ಕಡತಾನೂ ಮುಗೀತು, ಖಾಯಂ ಆಗ್ಯಾರ ಅಂತ ಷರಾ ಬಂದೈತಿ.”

ಯಂಕೋಬ ಆದೇಶವನ್ನು ಓಣಿಯಲ್ಲಿ ಓದಿ ಹೇಳಿ ಅತ್ತ. ಮುದುಕವ್ವ ಆ ಕಾಗದವನ್ನು ಕೈಗೆ ತೆಗೆದುಕೊಂಡು, ಕೌದಿಗೆ ಬಟ್ಟೆ ಆರಿಸುವವಳಂತೆ ತಿರುವಿ ಮುರುವಿ ನೋಡಿದಳು. ತಿರುಗಿ ಕೊಡಲಿಲ್ಲ.

ಏಳನೆಯ ದಿನ ಸಾಹೇಬರ ಟಪಾಲು ಕೊಡಲು ಯಂಕೋಬ ಬಸ್ ನಿಲ್ದಾಣಕ್ಕೆ ಹೋದ. ಗಂಗಾವತಿಯ ಬಸ್ಸಿನ ಮುಂದೆ ಮಾರೆವ್ವ ಹೊಸ ಸೀರೆಯುಟ್ಟು, ಆದೇಶವನ್ನು ಕುಪ್ಪಸಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಒಂದು ಟ್ರಂಕು, ಅದರ ಮೇಲೆ ಮುದುಕವ್ವ ನಾಲ್ಕೂ ಮೂಲೆ ಹೊಲಿದುಕೊಟ್ಟ ಕೌದಿ.

“ಎಲ್ಲಿಗೆ ಮಾರೆವ್ವ?”

“ಯಂಕೋಬವ್ವ ಅನ್ನು,” ಎಂದಳು ಅವಳು, ಸುತ್ತ ನೋಡಿ. “ಒಂದೀಟು ಟ್ರಂಕು ಮ್ಯಾಲೆ ಏರಸಣ್ಣಾ.”

ಒಂಬತ್ತು ವರ್ಷದ ರೂಢಿ. ಯಾರಾದರೂ ಹೇಳಿದರೆ ಯಂಕೋಬನ ಕೈ ತಾನೇ ಮುಂದಾಗುತ್ತಿತ್ತು. ಟ್ರಂಕು ಹೊತ್ತು ಏಣಿ ಹತ್ತಿದ. ಕೆಳಗಿನಿಂದ ಮಾರೆವ್ವ ಕೂಗಿದಳು:

“ಸಾವಕಾಶ ಇಡೋ ಯಣ್ಣಾ, ಖಾಯಂ ನೌಕರಿಯಾಕಿ ಟ್ರಂಕು ಅದು!”