ಸೇನಾಪತಿಯ ಗಂಟಲು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಸಾಲು: “ಖ್ರಾಗ್ ವೊಹ್ ಝುಖ್ರಾ.” ಟಿವಿಯ ಅಂತರಿಕ್ಷ ಧಾರಾವಾಹಿಯಲ್ಲಿ ಬರುವ ಹಸಿರು ಮುಖದವರ ಭಾಷೆಯಲ್ಲಿ ಇದರ ಅರ್ಥ, “ಏಳು, ಆ ಸಿಂಹಾಸನ ನನ್ನದು.” ಯಾರೋ ಪುಣ್ಯಾತ್ಮ ಧಾರಾವಾಹಿಗೆಂದೇ ಕೂತು ಹೊಸೆದ ಭಾಷೆ ಅದು. ವ್ಯಾಕರಣ ಉಂಟು, ನಿಘಂಟು ಉಂಟು, ಮಾತಾಡುವವರು ಮಾತ್ರ ಇಲ್ಲ.

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ನಮ್ಮ ನಾಯಕ ಅದನ್ನು ಹಟ ಹಿಡಿದು ಕಲಿತಿದ್ದ. ಅವತ್ತು ಸಂಜೆ ಆ ಧಾರಾವಾಹಿಯ ಹಸಿರು ಸೇನಾಪತಿಯ ಪಾತ್ರಕ್ಕೆ ಹೊಸಬರ ಆಯ್ಕೆ; ಹೇಳಿ ತೋರಿಸಬೇಕಾದದ್ದು ಇದೇ ಸಾಲು. ಜೀವಮಾನವೆಲ್ಲ ಬೇರೆಯವರಿಗೆ ಕಾಣಿಸಲಿ ಅಂತ ದುಡಿದವನಿಗೆ ತಾನೂ ಒಂದು ಸಲ ಕಾಣಿಸಿಕೊಳ್ಳಬೇಕೆಂಬ ಆಸೆ. ಹೆಂಡತಿ ಆಗಲೇ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಬಿಟ್ಟಿದ್ದಳು.

ಬೆಳಿಗ್ಗೆ ಬಚ್ಚಲಲ್ಲಿ ಅಭ್ಯಾಸ ಶುರುವಾದದ್ದೇ ತಡ, ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರ್ ಬಾಗಿಲು ಬಡಿದರು.

“ಯಾವಾಗಿಂದ ಈ ಕೆಮ್ಮು?”

“ಕೆಮ್ಮಲ್ಲ ಸಾರ್, ಭಾಷೆ.”

“ಯಾವೂರದ್ದು?”

“ಯಾವೂರದ್ದೂ ಅಲ್ಲ. ಬೇರೆ ಗ್ರಹದ್ದು.”

ಕಂಡಕ್ಟರ್ ದನಿ ತಗ್ಗಿಸಿ ಅವನ ಹೆಂಡತಿಗೆ, “ತಲೆಗೂ ಏರಿದೆಯಮ್ಮಾ” ಅಂದರು. ಅವರು ತಗ್ಗಿಸಿದ ದನಿ ಬೀದಿಯ ಕೊನೆಯ ಮನೆಗೂ ಕೇಳಿಸಿತು. ಹೆಂಡತಿ ನಗು ತಡೆಯಲಾರದೆ ಒಳಗೆ ಓಡಿದಳು. ಅಳುತ್ತಿದ್ದಾಳೆಂದು ತಿಳಿದ ಕಂಡಕ್ಟರ್ ಅವನ ರಟ್ಟೆ ಹಿಡಿದು ಎಳೆದುಕೊಂಡೇ ಹೊರಟರು.

ಮೊದಲು ಔಷಧಿ ಅಂಗಡಿ. “ಹೀಗೆ ಮಾಡ್ತಾನೆ ನೋಡಿ” ಎಂದು ಕಂಡಕ್ಟರ್ ಮಾಡಿ ತೋರಿಸಿದರು, “ಖ್ರಾಗ್ ವೊಹ್ ಝುಖ್ರಾ.”

ನಮ್ಮವನಿಗೆ ರೇಗಿತು. ಪಟ್ಟು ಹಿಡಿದು ಕಲಿತ ಭಾಷೆಯನ್ನು ಹೀಗೆ ಕುಲಗೆಡಿಸುವುದೇ? “ನಾಲಿಗೆ ತುದೀಲಲ್ಲ ಸಾರ್, ಗಂಟಲಿನ ಆಳದಿಂದ ಬರಬೇಕು. ಕೊನೇದನ್ನ ಎಳೀಬೇಕು.”

“ಹಾಗಾ?” ಕಂಡಕ್ಟರ್ ಇನ್ನೊಂದು ಸಲ ಹೇಳಿದರು. ಅಂಗಡಿಯವನು ಡಾಕ್ಟರಿಗೇ ತೋರಿಸಿ ಎಂದ. ದಾರಿಯುದ್ದಕ್ಕೂ ಸಿಕ್ಕಸಿಕ್ಕವರ ಮುಂದೆ ನಿಂತು ಕಂಡಕ್ಟರ್ ಹೇಳಿದರು. ಇವನು ತಲೆ ಚಚ್ಚಿಕೊಳ್ಳುತ್ತ ಪ್ರತಿ ಸಲವೂ ತಿದ್ದಿದ. ಡಾಕ್ಟರ ಬಳಿ ಮುಟ್ಟುವ ಹೊತ್ತಿಗೆ ಕಂಡಕ್ಟರ ಬಾಯಲ್ಲಿ ಆ ಸಾಲು ಎಷ್ಟು ಪಳಗಿತ್ತೆಂದರೆ, ಡಾಕ್ಟರು ರೋಗಿ ಯಾರೆಂದು ತಿಳಿಯದೆ ಮೊದಲು ಅವರ ಬಾಯಿಗೇ ಟಾರ್ಚ್ ಬಿಟ್ಟರು. ಆಮೇಲೆ ಇವನನ್ನು ಕೂರಿಸಿದರು; ಇವನು ವಿವರಿಸಲು ಬಾಯಿ ತೆರೆದನೋ ಇಲ್ಲವೋ, ಗಂಟಲಿಗೆ ಮರಗಟ್ಟಿಸುವ ಔಷಧಿ ಬಳಿದೇಬಿಟ್ಟರು.

“ನಾಳೆವರೆಗೂ ಮಾತಾಡಕೂಡದು.”

ಆಡೋಣವೆಂದರೂ ಗಂಟಲು ತನ್ನದಾಗಿ ಉಳಿದಿರಲಿಲ್ಲ. ಆದರೂ ಸಂಜೆ ಆಯ್ಕೆಗೆ ಹೋದ. “ಒಬ್ಬನನ್ನೇ ಹೇಗಪ್ಪಾ ಬಿಡೋದು” ಎಂದು ಕಂಡಕ್ಟರೂ ಬೆನ್ನಿಗೆ ಬಂದರು.

ನಿರ್ದೇಶಕರು ಸಾಲು ಹೇಳಲು ಸೂಚಿಸಿದರು. ಇವನ ಬಾಯಿಂದ ಸೈಕಲ್ ಟಯರಿನ ಗಾಳಿ ಬಿಟ್ಟಂತೆ ಬರೀ ಉಸಿರು ಹೊರಟಿತು. ಇನ್ನೊಂದು ಸಲವೂ ಅಷ್ಟೇ.

“ಪಾಪ, ಬೆಳಿಗ್ಗೆ ಚೆನ್ನಾಗೇ ಹೇಳ್ತಿದ್ದ ಸಾರ್,” ಕಂಡಕ್ಟರಿಗೆ ಸಂಕಟ ತಡೆಯಲಾಗಲಿಲ್ಲ. “ಹೀಗೆ...”

ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಊರುಗಳ ಹೆಸರು ಕೂಗಿ ಪಳಗಿದ ಆ ಗಂಟಲು ಒಮ್ಮೆ ತೆರೆಯಿತು. ನಿರ್ದೇಶಕರು ಕುರ್ಚಿಯಿಂದ ಎದ್ದೇಬಿಟ್ಟರು. ಎದ್ದವರು ಅದೇ ಕುರ್ಚಿಯಲ್ಲಿ ಕಂಡಕ್ಟರನ್ನು ಕೂರಿಸಿ, ಮುಖಕ್ಕೆ ಹಸಿರು ಬಣ್ಣ ಹಚ್ಚಿಸಿ ನೋಡಲು ಆಳನ್ನು ಕರೆದರು.

ಬಣ್ಣ ಬಳಿಸಿಕೊಳ್ಳುತ್ತಲೇ ಕಂಡಕ್ಟರ್ ಹಸಿರು ಕೆನ್ನೆ ನಮ್ಮವನತ್ತ ತಿರುಗಿಸಿ ಅಕ್ಕರೆಯಿಂದ ಕೇಳಿದರು: “ಅದೆಲ್ಲ ಸರಿ, ನಾನು ಹೇಳಿದ್ದರ ಅರ್ಥ ಏನಪ್ಪಾ?”

ಅವನು ಕುರ್ಚಿಯ ಮುಂದೆ ನಿಂತು ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ ಬಾಯಿ ತೆರೆದ.

“ಬೇಡ ಬೇಡ, ಮಾತಾಡಬೇಡ. ಡಾಕ್ಟರು ಬೈತಾರೆ,” ಎಂದು ಕಂಡಕ್ಟರ್ ಕುರ್ಚಿಯಲ್ಲಿ ಇನ್ನಷ್ಟು ಆರಾಮಾಗಿ ಒರಗಿದರು.